ಸೈಯದ್ ಅಬ್ದುಲ್ ರಹೀಮ್

ಸೈಯದ್ ಅಬ್ದುಲ್ ರಹೀಮ್ (17 ಆಗಸ್ಟ್ 1909 – 11 ಜೂನ್ 1963) ಭಾರತದ ಫುಟ್‌ಬಾಲ್ ತರಬೇತುದಾರರು ಹಾಗೂ ವೃತ್ತಿಯಿಂದ ಶಾಲಾ ಶಿಕ್ಷಕರು. ಹೈದರಾಬಾದಿನವರಾದ ಇವರು ಕ್ರೀಡಾವಲಯದಲ್ಲಿ ರಹೀಮ್ ಸಾಹೇಬರೆಂದೇ ಪರಿಚಿತರು. ಇವರ ಮಾರ್ಗದರ್ಶನದಲ್ಲಿ ಭಾರತ ತಂಡವು 1951ರ ನವದೆಹಲಿ ಮತ್ತು 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನದ ಪದಕ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 1962ರ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಒಲಿದಿಲ್ಲ. ತರಬೇತುದಾರರನ್ನು ಹೇಗೆ ಆರಿಸಬೇಕು, ತಂಡ ಕಟ್ಟಲು ಹಣವೆಲ್ಲಿಂದ ಬರಬೇಕು ಎಂಬ ಚರ್ಚೆ ದೇಶದಲ್ಲಿ ಎದ್ದಾಗಲೆಲ್ಲ ಇವರ ಹೆಸರು ಪ್ರಸ್ತಾಪಕ್ಕೆ ಬರುತ್ತದೆ.

ಶಿಕ್ಷಣ ಮತ್ತು ಅಧ್ಯಾಪನ

ರಹೀಮರು ಹುಟ್ಟಿದ್ದು ನಿಜಾಮರ ಆಳ್ವಿಕೆಯ ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಬಿ.ಎ. ಪದವಿ ಪಡೆದರು, ಅಲ್ಲಿನ ಫುಟ್‌ಬಾಲ್ ತಂಡದಲ್ಲಿಯೂ ಆಡಿದರು. ಬಳಿಕ ಕಾಚಿಗುಡ ಮಾಧ್ಯಮಿಕ ಶಾಲೆ, ಉರ್ದು ಷರೀಫ್ ಶಾಲೆ, ದಾರುಲ್ ಉಲೂಮ್ ಪ್ರೌಢಶಾಲೆ ಹಾಗೂ ಚಾದರ್‌ಘಾಟ್ ಪ್ರೌಢಶಾಲೆಗಳಲ್ಲಿ ಅಧ್ಯಾಪಕರಾಗಿದ್ದರು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು ಶಾಲೆಯ ಕ್ರೀಡಾ ಚಟುವಟಿಕೆಗಳ ಹೊಣೆಯನ್ನೂ ವಹಿಸಿಕೊಂಡರು.

ಆ ಕಾಲದಲ್ಲಿ ಫುಟ್‌ಬಾಲ್ ತರಬೇತುದಾರರನ್ನು ತಯಾರು ಮಾಡುವ ಸಂಸ್ಥೆ ದೇಶದಲ್ಲಿ ಇರಲಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾದದ್ದು 1961ರಲ್ಲಿ, ಅಂದರೆ ರಹೀಮರ ಬದುಕಿನ ಕೊನೆಯ ಘಟ್ಟದಲ್ಲಿ. ಹೀಗಾಗಿ ಅವರ ತರಬೇತಿಯ ಕ್ರಮಕ್ಕೆ ತರಗತಿಯ ಪಾಠಕ್ರಮವೇ ಬುನಾದಿಯಾಯಿತು ಎನ್ನಬಹುದು. ಒಂದು ಕೌಶಲವನ್ನು ಬಿಡಿಯಾಗಿ ತೆಗೆದುಕೊಳ್ಳುವುದು, ಅದು ಕೈಗೂಡುವವರೆಗೆ ಅಭ್ಯಾಸ ಮಾಡಿಸುವುದು, ಆಮೇಲಷ್ಟೇ ಮುಂದಿನ ಪಾಠಕ್ಕೆ ಹೋಗುವುದು ಅವರ ಪದ್ಧತಿ.

ಬೆಂಗಳೂರು ದಂಡು ಮತ್ತು ಹೈದರಾಬಾದಿನ ಏಳಿಗೆ

ದಕ್ಷಿಣ ಭಾರತದಲ್ಲಿ ಫುಟ್‌ಬಾಲ್ ಬೇರುಬಿಟ್ಟದ್ದು ಬ್ರಿಟಿಷ್ ಸೇನೆಯ ನೆಲೆಗಳಲ್ಲಿ. ಹೈದರಾಬಾದಿನ ಪಕ್ಕದಲ್ಲಿ ಸಿಕಂದರಾಬಾದ್ ಇದ್ದಂತೆ ಮೈಸೂರು ಸಂಸ್ಥಾನದ ಬೆಂಗಳೂರು ಪೇಟೆಯ ಪೂರ್ವಕ್ಕೆ 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶವಿತ್ತು. ಪರೇಡ್ ಮೈದಾನದಿಂದ ಹಲಸೂರು ಕೆರೆಯ ಬದಿಯ ಮದ್ರಾಸ್ ಸ್ಯಾಪರ್ಸ್ ಕೇಂದ್ರದವರೆಗಿನ ಬಯಲುಗಳಲ್ಲಿ ಸೈನಿಕರು ಬೂಟು ತೊಟ್ಟು ಆಡುತ್ತಿದ್ದರು. ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರ, ಹಲಸೂರು ಮೊದಲಾದ ಕಡೆಯ ಹುಡುಗರು ಅದನ್ನು ನೋಡಿ ಬರಿಗಾಲಿನಲ್ಲೇ ಆಟ ಕಲಿತರು. ಈ ಪ್ರದೇಶದ ಫುಟ್‌ಬಾಲಿನ ಮಟ್ಟಕ್ಕೆ ಒಂದು ಸಾಕ್ಷಿ ಸಾಕು: 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ ಗೆದ್ದು, ಆ ಪಂದ್ಯಾವಳಿಯನ್ನು ಗೆದ್ದ ಮೊದಲ ಭಾರತೀಯ ತಂಡವಾಯಿತು. ಮರುವರ್ಷ ಬ್ರಿಟಿಷ್ ಸೈನಿಕ ತಂಡವೊಂದನ್ನು ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು.

ಬೆಂಗಳೂರಿನಲ್ಲಿ ನಡೆಯುತ್ತಿದ್ದ ಆಶ್ ಚಿನ್ನದ ಕಪ್ ಪಂದ್ಯಾವಳಿಯನ್ನು 1943ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡವು ರಾಯಲ್ ಏರ್‌ಫೋರ್ಸ್ ತಂಡದ ಎದುರು ಗೆದ್ದುಕೊಂಡಿತು. ಹೈದರಾಬಾದಿನ ಫುಟ್‌ಬಾಲ್ ತನ್ನ ಊರಿನ ಹೊರಗೆ ಹೆಸರು ಮಾಡಿದ ಮೊದಲ ಸಂದರ್ಭಗಳಲ್ಲಿ ಇದೊಂದು. ಆಗಿನ್ನೂ ರಹೀಮರು ಆ ತಂಡದ ತರಬೇತುದಾರರಾಗಿರಲಿಲ್ಲ. ಆದರೆ ಸೇನಾ ತಂಡಗಳ ದೈಹಿಕ ಬಲದ ಎದುರು ಚುರುಕಾದ ನೆಲಮಟ್ಟದ ಪಾಸುಗಳಿಂದ ಗೆಲ್ಲಬಹುದೆಂಬ ವಿಶ್ವಾಸ ಇಂಥ ಪಂದ್ಯಗಳಿಂದಲೇ ಬೆಳೆಯಿತು. ಮುಂದೆ ರಹೀಮರು ಕಟ್ಟಿದ ಆಟದ ಶೈಲಿಯೂ ಅದೇ.

ಸಿಟಿ ಪೊಲೀಸ್ ತಂಡ

1950ರಲ್ಲಿ ರಹೀಮರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಸಾಯುವವರೆಗೂ ಆ ಸ್ಥಾನದಲ್ಲಿದ್ದರು. 1950ರಿಂದ 1954ರವರೆಗೆ ತಂಡವು ರೋವರ್ಸ್ ಕಪ್ಪನ್ನು ಸತತ ಐದು ಬಾರಿ ಗೆದ್ದಿತು. ದೆಹಲಿಯ ಡ್ಯುರಾಂಡ್ ಕಪ್ಪಿನಲ್ಲಿಯೂ ನಾಲ್ಕು ಬಾರಿ ವಿಜಯಿಯಾಯಿತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಇದೇ ತಂಡ ಆಂಧ್ರಪ್ರದೇಶ ಪೊಲೀಸ್ ಎಂಬ ಹೆಸರಿನಲ್ಲಿ ಆಡಿತು. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ಹೈದರಾಬಾದ್ 1956–57 ಮತ್ತು 1957–58ರಲ್ಲಿ ಗೆದ್ದಿತು.

ಆಟಗಾರರನ್ನು ತಿದ್ದಲು ರಹೀಮರು ಸ್ಥಳೀಯವಾಗಿ ವಿಶೇಷ ಪಂದ್ಯಾವಳಿಗಳನ್ನು ನಡೆಸಿದರು. ಒಂದರಲ್ಲಿ ಡ್ರಿಬ್ಲಿಂಗ್ ನಿಷಿದ್ಧ. ಚೆಂಡು ಬಂದೊಡನೆ ಸಂಗಡಿಗನಿಗೆ ಕೊಡಬೇಕು. ಮತ್ತೊಂದರಲ್ಲಿ ಆಟಗಾರನು ತನ್ನ ಬಲಹೀನ ಕಾಲನ್ನಷ್ಟೇ ಬಳಸಬೇಕು. ಎತ್ತರದ ಮಿತಿ ಹಾಕಿ ಚಿಕ್ಕ ಹುಡುಗರಿಗಾಗಿ ನಡೆಸಿದ ಸ್ಪರ್ಧೆಗಳೂ ಇದ್ದವು. ಮೇಲ್ನೋಟಕ್ಕೆ ಆಟವೆನಿಸಿದರೂ ಇವು ಖರ್ಚಿಲ್ಲದ ತರಬೇತಿ ಶಿಬಿರಗಳೇ ಆಗಿದ್ದವು. ಹೊರದೇಶದ ತರಬೇತುದಾರರನ್ನು ಕರೆಸುವ, ವ್ಯಾಯಾಮದ ಉಪಕರಣ ಕೊಳ್ಳುವ ಶಕ್ತಿ ಜಿಲ್ಲಾ ಮಟ್ಟದ ಸಂಘಗಳಿಗೆ ಇರಲಿಲ್ಲ. ಒಂದು ಚೆಂಡು, ಒಂದು ಮೈದಾನ, ಬಿಗಿಯಾದ ಒಂದು ನಿಯಮ ಇಷ್ಟರಲ್ಲೇ ಅವರು ಪಾಠವನ್ನು ಹೊಂದಿಸಿದರು.

ಹಣ, ನೌಕರಿ ಮತ್ತು ಕಲ್ಕತ್ತೆಯ ಸೆಳೆತ

ರಹೀಮರ ಸಾಧನೆಯನ್ನು ಅಳೆಯಲು ಆ ಕಾಲದ ಹಣಕಾಸಿನ ಸ್ಥಿತಿಯನ್ನು ತಿಳಿಯುವುದು ಅಗತ್ಯ. ಭಾರತದ ಫುಟ್‌ಬಾಲ್ ಆಗ ನಿಯಮದ ಪ್ರಕಾರ ಹವ್ಯಾಸಿಗಳ ಆಟ; ಬಹಿರಂಗವಾಗಿ ಸಂಬಳ ಕೊಡುವಂತಿರಲಿಲ್ಲ. ಆದರೆ ಕಲ್ಕತ್ತೆಯ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮದನ್ ಸ್ಪೋರ್ಟಿಂಗ್ ಕ್ಲಬ್ಬುಗಳಿಗೆ ಅಪಾರ ಅಭಿಮಾನಿಗಳಿದ್ದರು, ಅದರಿಂದ ಆದಾಯವೂ ಇತ್ತು. ಅವು ಹೊರ ಊರುಗಳ ಆಟಗಾರರಿಗೆ ಕಚೇರಿಗಳಲ್ಲಿ ಕೆಲಸ ಕೊಡಿಸಿ, ವಸತಿ ಮತ್ತು ಭತ್ಯೆಯ ಏರ್ಪಾಡು ಮಾಡಿ ಕರೆಸಿಕೊಳ್ಳುತ್ತಿದ್ದವು.

ಇದರ ಪೆಟ್ಟು ಹೆಚ್ಚು ತಗುಲಿದ್ದು ಬೆಂಗಳೂರು, ಹೈದರಾಬಾದುಗಳಿಗೆ. ಬೆಂಗಳೂರಿನ ಆಟಗಾರರನ್ನು ಮೊಹಮ್ಮದನ್ ಸ್ಪೋರ್ಟಿಂಗ್ 1930ರ ದಶಕದಲ್ಲೇ ಕರೆದೊಯ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನ ಆಟದಿಂದ ಹೆಸರಾದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷವೇ ಈಸ್ಟ್ ಬೆಂಗಾಲ್ ಸೇರಿ, ಆ ಕ್ಲಬ್ಬಿನ ಪಂಚಪಾಂಡವರೆಂದು ಪ್ರಸಿದ್ಧರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು. ರಹೀಮರೇ ಗುರುತಿಸಿ ಬೆಳೆಸಿದ ತುಳಸೀದಾಸ್ ಬಲರಾಮ್ ಸಿಕಂದರಾಬಾದಿನ ಬಡ ಕುಟುಂಬದವರು. ಅಭ್ಯಾಸಕ್ಕೆ ಬಂದುಹೋಗಲು ಅವರ ಬಳಿ ಹಣವಿರಲಿಲ್ಲ. ರಹೀಮರು ಅದಕ್ಕಾಗಿ ಸೈಕಲ್ಲಿನ ಏರ್ಪಾಡು ಮಾಡಿದರು. ಮೆಲ್ಬರ್ನ್ ಒಲಿಂಪಿಕ್ಸ್ ಮುಗಿದ ಮೇಲೆ ಬಲರಾಮರೂ ಈಸ್ಟ್ ಬೆಂಗಾಲಿಗೆ ಹೋದರು. ಬೆಳೆಸಿದವರು ಒಬ್ಬರು, ಫಲ ಉಂಡವರು ಇನ್ನೊಬ್ಬರು ಎಂಬಂತಾಗಿದ್ದರೂ ಆಟಗಾರರನ್ನು ದೂರುವುದು ನ್ಯಾಯವಲ್ಲ. ಆಡುವ ವಯಸ್ಸು ಹತ್ತು ವರ್ಷ ಮೀರದ ಕಸುಬಿನಲ್ಲಿ ಹೊಟ್ಟೆಪಾಡಿನ ದಾರಿಯನ್ನು ಅವರು ನೋಡಿಕೊಳ್ಳಲೇಬೇಕಿತ್ತು.

ಈ ಸೆಳೆತದ ಎದುರು ಹೈದರಾಬಾದಿಗೆ ಇದ್ದ ಆಸರೆ ಪೊಲೀಸ್ ಇಲಾಖೆ. ಇಲಾಖೆಯಲ್ಲಿ ನೌಕರಿ ಪಡೆದ ಆಟಗಾರನಿಗೆ ತಿಂಗಳ ಸಂಬಳ ಸಣ್ಣದಾದರೂ ಖಾತ್ರಿ. ಕಾಲು ಮುರಿದರೂ ಕೆಲಸ ಉಳಿಯುತ್ತಿತ್ತು. ತಂಡದ ತಿರುಳು ವರ್ಷಗಟ್ಟಲೆ ಚದುರದೆ ಉಳಿಯಲು ಇದೇ ಕಾರಣ. ರಹೀಮರ ಪಾಸಿಂಗ್ ಪದ್ಧತಿಗೆ ಬೇಕಿದ್ದದ್ದೂ ಒಬ್ಬರನ್ನೊಬ್ಬರು ಬಲ್ಲ, ಜೊತೆಯಾಗಿ ಆಡಿ ಪಳಗಿದ ಹನ್ನೊಂದು ಮಂದಿ. ಬೆಂಗಳೂರಿನಲ್ಲಿ ಇದೇ ಕೆಲಸವನ್ನು ಸಾರ್ವಜನಿಕ ಉದ್ಯಮಗಳು ಮಾಡಿದವು. 1940ರಲ್ಲಿ ಆರಂಭವಾದ ಎಚ್‌ಎಎಲ್, 1948ರಲ್ಲಿ ಕೆ.ಆರ್. ಪುರದ ಬಳಿ ಸ್ಥಾಪನೆಯಾದ ಐಟಿಐ ಮೊದಲಾದ ಕಾರ್ಖಾನೆಗಳ ತಂಡಗಳು ನಗರದ ಪೂರ್ವಭಾಗದ ಹುಡುಗರಿಗೆ ಮೈದಾನದಿಂದ ನೌಕರಿಗೆ ದಾರಿ ತೆರೆದವು.

ರಾಷ್ಟ್ರೀಯ ತಂಡದಲ್ಲಿ

1951ರ ಮಾರ್ಚಿನಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಶೈಲೇನ್ ಮನ್ನಾ ನಾಯಕತ್ವದ ಭಾರತವು ಫೈನಲಿನಲ್ಲಿ ಇರಾನನ್ನು 1–0ರಿಂದ ಸೋಲಿಸಿತು. ಗೋಲು ಹೊಡೆದವರು ಸಾಹು ಮೇವಾಲಾಲ್. ಮರುವರ್ಷದ ಹೆಲ್ಸಿಂಕಿ ಒಲಿಂಪಿಕ್ಸ್ ಅಷ್ಟೇ ಕಹಿಯಾಯಿತು. ಯುಗೊಸ್ಲಾವಿಯ ಭಾರತವನ್ನು 10–1ರಿಂದ ಮಣಿಸಿತು. ಭಾರತದ ಆ ಒಂದು ಗೋಲು ಅಹ್ಮದ್ ಖಾನರದು. ಚಳಿಯ ನಾಡಿನಲ್ಲಿ ನಮ್ಮ ಕೆಲವು ಆಟಗಾರರು ಬರಿಗಾಲಿನಲ್ಲಿದ್ದರು. ಈ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು.

ರಾಷ್ಟ್ರೀಯ ತಂಡದ ತರಬೇತುದಾರನ ಹುದ್ದೆ ಆಗ ಕಾಯಂ ಆಗಿರಲಿಲ್ಲ. ಪಂದ್ಯಾವಳಿ ಬಂದಾಗ ಒಬ್ಬರನ್ನು ನೇಮಿಸುವುದು, ಅದು ಮುಗಿದೊಡನೆ ಅವರು ತಮ್ಮ ಊರಿಗೆ ಮರಳುವುದು ರೂಢಿ. ಎಲ್ಲ ಪಂದ್ಯಾವಳಿಗಳಿಗೂ ರಹೀಮರೇ ಇರಲಿಲ್ಲ. ಆಟಗಾರರ ಆಯ್ಕೆಯಲ್ಲಿ ಬಂಗಾಳ, ಹೈದರಾಬಾದ್ ಎಂಬ ಎಳೆದಾಟವೂ ತಪ್ಪಲಿಲ್ಲ. ಅದಕ್ಕೆ ಉತ್ತರವಾಗಿ ಬಂದದ್ದು ಮೆಲ್ಬರ್ನ್.

1956ರ ತಂಡದ ನಾಯಕ ಬಂಗಾಳದ ಸಮರ್ ಬ್ಯಾನರ್ಜಿ. ಹೈದರಾಬಾದಿನ ನೂರ್ ಮೊಹಮ್ಮದ್, ಅಜೀಜುದ್ದೀನ್, ಬಲರಾಮ್, ಬಂಗಾಳದ ಪಿ.ಕೆ. ಬ್ಯಾನರ್ಜಿ, ಮುಂಬಯಿಯ ನೆವಿಲ್ ಡಿಸೋಜ, ಮೈಸೂರು ರಾಜ್ಯದ ಎಂ. ಕೆಂಪಯ್ಯ ಮೊದಲಾದವರು ತಂಡದಲ್ಲಿದ್ದರು. ಹಂಗೇರಿ ಸ್ಪರ್ಧೆಯಿಂದ ಹಿಂದೆ ಸರಿದದ್ದರಿಂದ ಭಾರತಕ್ಕೆ ಮೊದಲ ಸುತ್ತು ಆಡದೆಯೇ ದಕ್ಕಿತು. ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯವನ್ನು ಭಾರತ 4–2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ದೇಶ ಭಾರತವೇ. ಅಲ್ಲಿ ಎದುರಾದದ್ದು ಮತ್ತೆ ಯುಗೊಸ್ಲಾವಿಯ. ಮೊದಲ ಗೋಲು ಭಾರತದ್ದಾಗಿತ್ತು. ಕೊನೆಗೆ 4–1ರಿಂದ ಸೋತಿತು. ಹೆಲ್ಸಿಂಕಿಯ ಹತ್ತು ಗೋಲುಗಳನ್ನು ನೆನೆದರೆ ನಾಲ್ಕು ವರ್ಷಗಳಲ್ಲಿ ತಂಡ ಎಷ್ಟು ದೂರ ಬಂದಿತ್ತೆಂಬುದು ತಿಳಿಯುತ್ತದೆ. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯ 3–0ರಿಂದ ಗೆದ್ದಿತು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತ ಒಂದೂ ಪಂದ್ಯ ಗೆಲ್ಲಲಿಲ್ಲ. ಆದರೂ ಹಂಗೇರಿಯ ಎದುರು 1–2ರ ಸೋಲು, ಫ್ರಾನ್ಸ್ ಎದುರು 1–1ರ ಸಮಬಲ ತಂಡದ ಮಟ್ಟವನ್ನು ತೋರಿಸುತ್ತವೆ. ಇಬ್ಬರು ಹಿಂಬದಿ ಆಟಗಾರರ ಹಳೆಯ ವಿನ್ಯಾಸವನ್ನು ಬಿಡಿಸಿ, ಬ್ರೆಜಿಲ್ 1958ರ ವಿಶ್ವಕಪ್ಪಿನಲ್ಲಿ ಜಗತ್ಪ್ರಸಿದ್ಧಗೊಳಿಸಿದ 4–2–4 ವಿನ್ಯಾಸಕ್ಕೆ ಭಾರತವನ್ನು ಒಗ್ಗಿಸಿದವರು ರಹೀಮರೇ.

ಜಕಾರ್ತಾ, 1962

ಜಕಾರ್ತಾ ಕ್ರೀಡಾಕೂಟದ ಹೊತ್ತಿಗೆ ರಹೀಮರು ಕ್ಯಾನ್ಸರ್ ಪೀಡಿತರಾಗಿದ್ದರು. ಚುನಿ ಗೋಸ್ವಾಮಿ ನಾಯಕತ್ವದ ತಂಡ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 0–2ರಿಂದ ಸೋತಿತು. ನಂತರ ಥಾಯ್ಲೆಂಡ್ (4–1), ಜಪಾನ್ (2–0) ತಂಡಗಳನ್ನು ಸೋಲಿಸಿತು. ಥಾಯ್ಲೆಂಡ್ ಪಂದ್ಯದಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಅವರನ್ನು ಪೂರ್ತಿ ಕೈಬಿಡುವ ಬದಲು ರಹೀಮರು ಸೆಮಿಫೈನಲಿನಲ್ಲಿ ಮುಂಚೂಣಿಗೆ ತಂದು ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮ್ ಎದುರು ಭಾರತ 3–2ರಿಂದ ಗೆದ್ದಿತು.

ಸೆಪ್ಟೆಂಬರ್ 4ರಂದು ನಡೆದ ಫೈನಲಿನಲ್ಲಿ ಎದುರಾಳಿ ಮತ್ತೆ ದಕ್ಷಿಣ ಕೊರಿಯ. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಇಂಡೋನೇಷ್ಯ ಹೊರಗಿಟ್ಟದ್ದನ್ನು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರು. ಅದರಿಂದ ಕೆರಳಿದ್ದ ಲಕ್ಷದಷ್ಟು ಪ್ರೇಕ್ಷಕರು ಭಾರತದ ವಿರುದ್ಧವಾಗಿದ್ದರು. ಜ್ವರದಿಂದ ಚೇತರಿಸಿಕೊಂಡಿದ್ದ ಪೀಟರ್ ತಂಗರಾಜ್ ಗೋಲ್‌ಕೀಪರ್ ಆಗಿ ಮರಳಿದರು. ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಮೊದಲ ಇಪ್ಪತ್ತು ನಿಮಿಷಗಳಲ್ಲೇ ಒಂದೊಂದು ಗೋಲು ಹೊಡೆದರು. ಕೊನೆಯ ಘಟ್ಟದಲ್ಲಿ ಕೊರಿಯ ಒಂದು ಗೋಲು ಮರಳಿಸಿತಾದರೂ ಭಾರತ 2–1ರಿಂದ ಚಿನ್ನ ಗೆದ್ದಿತು.

ನಿಧನ ಮತ್ತು ನಂತರ

ಆ ಗೆಲುವಿನ ಮರುವರ್ಷ, 1963ರ ಜೂನ್ 11ರಂದು, ರಹೀಮರು 53ನೆಯ ವಯಸ್ಸಿನಲ್ಲಿ ನಿಧನರಾದರು. ಒಕ್ಕೂಟವು ಮುಂದೆ ಇಂಗ್ಲೆಂಡಿನ ಹ್ಯಾರಿ ರೈಟ್ ಅವರನ್ನು ನೇಮಿಸಿತು. 1964ರ ಏಷ್ಯಾ ಕಪ್ಪಿನಲ್ಲಿ ಭಾರತ ಎರಡನೆಯ ಸ್ಥಾನ ಪಡೆಯಿತು. ಆದರೆ 1960ರ ನಂತರ ಭಾರತ ಒಲಿಂಪಿಕ್ಸ್ ಫುಟ್‌ಬಾಲಿಗೆ ಅರ್ಹತೆ ಗಳಿಸಿಲ್ಲ. ಹದಿಮೂರು ವರ್ಷಗಳ ಅನುಭವವನ್ನು ಮುಂದಿನವರಿಗೆ ದಾಟಿಸುವ ವ್ಯವಸ್ಥೆಯೊಂದನ್ನು ಒಕ್ಕೂಟ ಕಟ್ಟಿರಲಿಲ್ಲವೆಂಬುದೇ ಈ ಕುಸಿತದ ಮುಖ್ಯ ಕಾರಣಗಳಲ್ಲಿ ಒಂದು. ತರಬೇತುದಾರರಿಗೆ ಮೀಸಲಾದ ದ್ರೋಣಾಚಾರ್ಯ ಪ್ರಶಸ್ತಿ ಸ್ಥಾಪನೆಯಾದದ್ದು 1985ರಲ್ಲಿ. ಆಗ ರಹೀಮರು ತೀರಿಕೊಂಡು 22 ವರ್ಷಗಳಾಗಿದ್ದವು.

ಬೆಂಗಳೂರಿನಲ್ಲಿಯೂ ನೌಕರಿ ಆಧಾರಿತ ಫುಟ್‌ಬಾಲಿನ ಕಾಲ ಕ್ರಮೇಣ ಇಳಿಮುಖವಾಯಿತು. ಮೈಸೂರು ತಂಡ 1967–68 ಮತ್ತು 1968–69ರಲ್ಲಿ ಸತತವಾಗಿ ಸಂತೋಷ್ ಟ್ರೋಫಿ ಗೆದ್ದ ದಿನಗಳು ಆ ವ್ಯವಸ್ಥೆಯ ಉಚ್ಛ್ರಾಯ ಕಾಲ. ಖಾಸಗಿ ಬಂಡವಾಳದ ಬೆಂಗಳೂರು ಎಫ್‌ಸಿ 2013ರಲ್ಲಿ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಅವರನ್ನು ಮೊದಲ ತರಬೇತುದಾರರನ್ನಾಗಿ ನೇಮಿಸಿಕೊಂಡು, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು.

ರಹೀಮರ ಬದುಕನ್ನು ಆಧರಿಸಿದ ಹಿಂದಿ ಚಲನಚಿತ್ರ ಮೈದಾನ್ 2024ರಲ್ಲಿ ತೆರೆಕಂಡಿತು. ಅಜಯ್ ದೇವಗನ್ ರಹೀಮರ ಪಾತ್ರ ವಹಿಸಿದ್ದಾರೆ. ಕಥೆಯ ಅನುಕೂಲಕ್ಕಾಗಿ ಕಲ್ಪಿಸಿದ ಸನ್ನಿವೇಶಗಳು ಅದರಲ್ಲಿರುವುದರಿಂದ ಚಿತ್ರವನ್ನೇ ಇತಿಹಾಸದ ಆಕರವಾಗಿ ಬಳಸುವುದು ಸರಿಯಲ್ಲ. ರಹೀಮರ ಪುತ್ರ ಸೈಯದ್ ಶಾಹಿದ್ ಹಕೀಮ್ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ಅವರು ಅಂತಾರಾಷ್ಟ್ರೀಯ ರೆಫರಿಯಾಗಿ, ತರಬೇತುದಾರರಾಗಿ ದುಡಿದು 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. ಅವರು 2021ರ ಆಗಸ್ಟ್ 22ರಂದು ಕಲಬುರಗಿಯಲ್ಲಿ ನಿಧನರಾದರು.