ಪಳಗಿದ ತಂತ್ರಜ್ಞಾನದ ಚತುರ ಗುನ್‌ಪೇ ಯೊಕೋಯಿ

ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರವೊಂದನ್ನು ಎತ್ತಿಕೊಂಡರೆ ಎಡಗೈಯ ಹೆಬ್ಬೆರಳು ತಾನಾಗಿಯೇ ಒಂದು ಜಾಗಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಸಂಕಲನ ಚಿಹ್ನೆಯ ಆಕಾರದ ಪುಟ್ಟ ಗುಂಡಿಯೊಂದಿರುತ್ತದೆ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂಬ ನಾಲ್ಕು ದಿಕ್ಕುಗಳನ್ನೂ ಅದೊಂದೇ ಗುಂಡಿ ನೋಡಿಕೊಳ್ಳುತ್ತದೆ. ಕೋಟ್ಯಂತರ ಮಕ್ಕಳು ಓಡುವುದನ್ನು, ಜಿಗಿಯುವುದನ್ನು, ಎದುರಾಳಿಯ ಏಟಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿತದ್ದು ಈ ಗುಂಡಿಯ ಮೇಲೆಯೇ. ಅದನ್ನು ರೂಪಿಸಿದವರು ಜಪಾನಿನ ಎಂಜಿನಿಯರ್ ಗುನ್‌ಪೇ ಯೊಕೋಯಿ. ಗೇಮ್ ಬಾಯ್ ಯಂತ್ರದ ಜನಕರೆಂದು ಪ್ರಪಂಚ ಅವರನ್ನು ನೆನೆಯುತ್ತದೆ. ಆದರೆ ಅವರ ಬದುಕು ಗೆಲುವಿನ ಕಥೆ ಮಾತ್ರವಲ್ಲ. ತಾವೇ ನಂಬಿದ ಸೂತ್ರವೊಂದು ಕೈಹಿಡಿದು ನಡೆಸಿದ, ಒಮ್ಮೆ ಕೈಬಿಟ್ಟ ಕಥೆಯೂ ಹೌದು.

ಇಸ್ಪೀಟೆಲೆ ಕಾರ್ಖಾನೆಯ ಉಸ್ತುವಾರಿ

ಯೊಕೋಯಿ ಹುಟ್ಟಿದ್ದು 1941ರ ಸೆಪ್ಟೆಂಬರ್ 10ರಂದು, ಜಪಾನಿನ ಹಳೆಯ ರಾಜಧಾನಿ ಕ್ಯೋಟೋ ನಗರದಲ್ಲಿ. ಅದೇ ಊರಿನ ದೋಷಿಷಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಅಭ್ಯಾಸ ಮಾಡಿದ ಅವರು 1965ರಲ್ಲಿ ಊರಿನಲ್ಲೇ ಇದ್ದ ನಿಂಟೆಂಡೊ ಎಂಬ ಕಂಪನಿಗೆ ಸೇರಿದರು. ಆ ಕಾಲಕ್ಕೆ ನಿಂಟೆಂಡೊ ವಿಡಿಯೊ ಗೇಮ್ ಕಂಪನಿಯಾಗಿರಲಿಲ್ಲ. 1889ರಲ್ಲಿ ಆರಂಭಗೊಂಡಿದ್ದ ಆ ಸಂಸ್ಥೆ ಹನಾಫುಡಾ ಎಂಬ ಹೂವಿನ ಚಿತ್ರಗಳ ಜಪಾನೀ ಇಸ್ಪೀಟೆಲೆಗಳನ್ನು ತಯಾರಿಸುತ್ತಿತ್ತು. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಯೊಕೋಯಿಯವರ ಕೆಲಸ.

ಯಂತ್ರಗಳು ಸುಸ್ಥಿತಿಯಲ್ಲಿದ್ದರೆ ಉಸ್ತುವಾರಿಗೆ ಮಾಡಲು ಹೆಚ್ಚಿನ ಕೆಲಸವಿರುವುದಿಲ್ಲ. ಹೊತ್ತು ಕಳೆಯಲೆಂದು ಯೊಕೋಯಿ ಕತ್ತರಿಯಂತೆ ಮಡಿಚಿ ಬಿಚ್ಚಿಕೊಳ್ಳುವ ಪಟ್ಟಿಗಳನ್ನು ಜೋಡಿಸಿ, ದೂರದ ವಸ್ತುವನ್ನು ಚಾಚಿ ಹಿಡಿಯುವ ಒಂದು ಕೈಯನ್ನು ಮಾಡಿಕೊಂಡಿದ್ದರು. 1966ರಲ್ಲಿ ಕಾರ್ಖಾನೆಗೆ ಬಂದ ಕಂಪನಿಯ ಅಧ್ಯಕ್ಷ ಹಿರೋಷಿ ಯಮೌಚಿ ಅದನ್ನು ಕಂಡರು. ಕೆಲಸದ ವೇಳೆಯಲ್ಲಿ ಆಟವಾಡಿದ್ದಕ್ಕೆ ಬೈಗುಳ ಕಾದಿದೆ ಎಂದುಕೊಂಡಿದ್ದ ಯೊಕೋಯಿಯವರಿಗೆ ಸಿಕ್ಕಿದ್ದು ಆ ಆಟಿಕೆಯನ್ನೇ ಮಾರಾಟಕ್ಕೆ ಸಿದ್ಧಗೊಳಿಸಬೇಕೆಂಬ ಆದೇಶ. ಅಲ್ಟ್ರಾ ಹ್ಯಾಂಡ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಅದು ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಯಿತು. ಉಸ್ತುವಾರಿ ಎಂಜಿನಿಯರ್ ಆಟಿಕೆಗಳ ವಿನ್ಯಾಸಕರಾದರು.

ಬಳಿಕ ಒಂದರ ಹಿಂದೊಂದು ಆಟಿಕೆಗಳು ಬಂದವು. ಮನೆಯೊಳಗೇ ಮೃದುವಾದ ಚೆಂಡುಗಳನ್ನು ಎಸೆಯುವ ಯಂತ್ರ ಬಂತು. 1969ರಲ್ಲಿ ಲವ್ ಟೆಸ್ಟರ್ ಬಂತು. ಇಬ್ಬರು ಪರಸ್ಪರ ಕೈಹಿಡಿದು, ಇನ್ನೊಂದು ಕೈಯಲ್ಲಿ ಯಂತ್ರದ ಲೋಹದ ಹಿಡಿಗಳನ್ನು ಹಿಡಿದರೆ ದೇಹದ ಮೂಲಕ ಹರಿಯುವ ಅಲ್ಪ ವಿದ್ಯುತ್ತನ್ನು ಅಳೆದು, ಅದನ್ನೇ ಪ್ರೀತಿಯ ಪ್ರಮಾಣವೆಂದು ಮುಳ್ಳು ತೋರಿಸುತ್ತಿತ್ತು. ಹುಡುಗಿಯರ ಕೈಹಿಡಿಯಲು ಒಂದು ನೆಪ ಬೇಕಾಗಿತ್ತೆಂಬುದೇ ಅದರ ಹಿಂದಿನ ಪ್ರೇರಣೆ ಎಂದು ಅವರು ಮುಂದೆ ತಮಾಷೆಯಾಗಿ ಹೇಳಿಕೊಂಡಿದ್ದರು. 1970ರಲ್ಲಿ ಸೌರಕೋಶವನ್ನು ಬಳಸಿದ ಬೆಳಕಿನ ಬಂದೂಕು ಬಂತು. ಸೌರಕೋಶ ವಿದ್ಯುತ್ ಉತ್ಪಾದನೆಗೆ ಇರುವಂಥದು. ಅದನ್ನೇ ಗುರಿಹಲಗೆಯಾಗಿ ಬಳಸಬಹುದೆಂಬುದನ್ನು ಅವರು ಕಂಡುಕೊಂಡಿದ್ದರು.

ಅವರ ಜೀವಮಾನದ ಸೂತ್ರ ಇಲ್ಲಿಯೇ ರೂಪುಗೊಂಡಿತು. ಹೊಚ್ಚಹೊಸ ತಂತ್ರಜ್ಞಾನ ದುಬಾರಿ, ಅದರ ಗುಣದೋಷಗಳೂ ಪೂರ್ತಿ ತಿಳಿದಿರುವುದಿಲ್ಲ. ಬಳಸಿ ಬಳಸಿ ಪಳಗಿದ ತಂತ್ರಜ್ಞಾನ ಅಗ್ಗ, ನಂಬಿಕೆಗೂ ಅರ್ಹ. ಅಂಥದ್ದನ್ನು ಆರಿಸಿಕೊಂಡು, ಯಾರೂ ಯೋಚಿಸದ ಅಡ್ಡದಾರಿಯಲ್ಲಿ ಬಳಸಬೇಕೆಂಬುದು ಯೊಕೋಯಿಯವರ ನಂಬಿಕೆಯಾಗಿತ್ತು.

ಕ್ಯಾಲ್ಕ್ಯುಲೇಟರಿನಿಂದ ಆಟದ ಪೆಟ್ಟಿಗೆ

ಎಪ್ಪತ್ತರ ದಶಕದಲ್ಲಿ ಶಾರ್ಪ್ ಮತ್ತು ಕ್ಯಾಸಿಯೊ ಕಂಪನಿಗಳ ಪೈಪೋಟಿಯಿಂದ ಜೇಬಿನ ಕ್ಯಾಲ್ಕ್ಯುಲೇಟರಿನ ಬೆಲೆ ಕುಸಿದಿತ್ತು. ಅದರ ದ್ರವ ಸ್ಫಟಿಕ ಪರದೆ ಮತ್ತು ಚಿಪ್ಪುಗಳು ಅಗ್ಗವಾಗಿ ದೊರೆಯುತ್ತಿದ್ದವು. ಒಮ್ಮೆ ಷಿಂಕಾನ್ಸೆನ್ ರೈಲಿನಲ್ಲಿ ಪ್ರಯಾಣಿಸುತ್ತಿದ್ದ ಯೊಕೋಯಿ, ಬೇಸರ ಕಳೆಯಲು ಕ್ಯಾಲ್ಕ್ಯುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕುಳಿತಿದ್ದ ಸಹಪ್ರಯಾಣಿಕನನ್ನು ಗಮನಿಸಿದರು. ದೊಡ್ಡವರೂ ಸಂಕೋಚವಿಲ್ಲದೆ, ಇತರರ ಕಣ್ಣಿಗೆ ಬೀಳದಂತೆ ಆಡಬಹುದಾದ ಪುಟ್ಟ ಆಟವೊಂದಿದ್ದರೆ ಹೇಗೆಂಬ ಯೋಚನೆ ಅವರಿಗೆ ಬಂತು.

ಅದು ಅಧ್ಯಕ್ಷರ ಕಿವಿಗೆ ಬಿದ್ದ ಬಗೆಯೂ ಸ್ವಾರಸ್ಯಕರ. ಭಾರತದಂತೆಯೇ ಜಪಾನಿನಲ್ಲಿಯೂ ವಾಹನಗಳ ಚಾಲಕರು ಬಲಬದಿಯಲ್ಲಿ ಕೂರುತ್ತಾರೆ. ಯಮೌಚಿಯವರದು ಎಡಬದಿಯಲ್ಲಿ ಚಾಲಕನ ಆಸನವಿದ್ದ ವಿದೇಶಿ ಕಾರು. ಒಂದು ದಿನ ಅವರ ಚಾಲಕನಿಗೆ ಅನಾರೋಗ್ಯವಾಯಿತು. ಅಂಥ ಕಾರು ಓಡಿಸುವ ಅಭ್ಯಾಸವಿದ್ದ ಯೊಕೋಯಿಯವರಿಗೆ ಕರೆ ಬಂತು. ದಾರಿಯಲ್ಲಿ ಮೌನ ಮುರಿಯಲೆಂದು ಅವರು ತಮ್ಮ ಆಲೋಚನೆಯನ್ನು ಅರುಹಿದರು. ಯಮೌಚಿ ಹೆಚ್ಚೇನೂ ಆಡಲಿಲ್ಲ. ಆದರೆ ಅಂದಿನ ಸಭೆಯಲ್ಲಿ ಅವರ ಪಕ್ಕದ ಆಸನ ಶಾರ್ಪ್ ಕಂಪನಿಯ ಮುಖ್ಯಸ್ಥರದಾಗಿತ್ತು. ಕೆಲವೇ ದಿನಗಳಲ್ಲಿ ಶಾರ್ಪ್ ಕಂಪನಿಯವರು ಮಾತುಕತೆಗೆ ಬಂದಿಳಿದರು.

1980ರ ಏಪ್ರಿಲ್‌ನಲ್ಲಿ ಗೇಮ್ ಅಂಡ್ ವಾಚ್ ಸರಣಿಯ ಮೊದಲ ಆಟ ಬಾಲ್ ಬಿಡುಗಡೆಯಾಯಿತು. ಆಟವಾಡದ ವೇಳೆ ಅದು ಗಡಿಯಾರವಾಗಿರುತ್ತಿತ್ತು. ಸುಮಾರು 60 ಮಾದರಿಗಳಲ್ಲಿ ಹೊರಬಂದ ಈ ಸರಣಿ ಜಗತ್ತಿನಾದ್ಯಂತ 4.34 ಕೋಟಿಯಷ್ಟು ಮಾರಾಟವಾಯಿತು.

ಹೆಬ್ಬೆರಳಿಗೊಂದು ದಿಕ್ಸೂಚಿ

1982ರಲ್ಲಿ ಡಾಂಕಿ ಕಾಂಗ್ ಆಟವನ್ನು ಗೇಮ್ ಅಂಡ್ ವಾಚ್‌ಗೆ ತರಬೇಕಾಗಿ ಬಂದಾಗ ಹೊಸ ಸಮಸ್ಯೆ ಎದುರಾಯಿತು. ಪಾರ್ಲರಿನ ಯಂತ್ರಗಳಲ್ಲಿ ಎದ್ದುನಿಂತ ಹಿಡಿಕೆಯಿರುತ್ತದೆ. ಮಡಿಚಿ ಜೇಬಿಗೆ ಹಾಕುವ ಪೆಟ್ಟಿಗೆಯಲ್ಲಿ ಅದಕ್ಕೆ ಎಡೆಯಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಬಿಡಿ ಗುಂಡಿಗಳನ್ನಿಟ್ಟರೆ ಆಡುವವನು ಪರದೆ ಬಿಟ್ಟು ಬೆರಳನ್ನು ನೋಡಬೇಕಾಗುತ್ತದೆ. ಯೊಕೋಯಿ ನಾಲ್ಕನ್ನೂ ಬೆಸೆದು ಒಂದೇ ಗುಂಡಿ ಮಾಡಿದರು. ಅದರ ನಡುವೆ ಕೆಳಗಡೆ ಒಂದು ಆಧಾರಬಿಂದುವಿದೆ. ಹೆಬ್ಬೆರಳು ಒಂದು ತೋಳನ್ನು ಒತ್ತಿದರೆ ಎದುರು ತೋಳು ಮೇಲೇಳುತ್ತದೆ. ಹಾಗಾಗಿ ಎಡ ಬಲಗಳೆರಡನ್ನೂ ಏಕಕಾಲಕ್ಕೆ ಒತ್ತುವ ಗೊಂದಲವಿಲ್ಲ. ಎರಡು ತೋಳುಗಳ ನಡುವೆ ಒತ್ತಿದರೆ ಓರೆ ದಿಕ್ಕೂ ಸಿಗುತ್ತದೆ. ಬೆರಳನ್ನು ಎತ್ತದೆ, ಕಣ್ಣನ್ನು ಕದಲಿಸದೆ ದಿಕ್ಕು ಬದಲಿಸಬಹುದು. 1983ರಲ್ಲಿ ಬಂದ ನಿಂಟೆಂಡೊದ ಫ್ಯಾಮಿಕಾಂ ಯಂತ್ರವೂ ಇದನ್ನೇ ಅಳವಡಿಸಿಕೊಂಡಿತು.

ಈ ಗುಂಡಿಯ ನಿಜವಾದ ಸಾಮರ್ಥ್ಯ ಬೆಳಕಿಗೆ ಬಂದದ್ದು ಕಾದಾಟದ ಆಟಗಳಲ್ಲಿ. 1984ರಲ್ಲಿಯೇ ಗೇಮ್ ಅಂಡ್ ವಾಚ್ ಸರಣಿಯಲ್ಲಿ ಬಾಕ್ಸಿಂಗ್ ಆಟವೊಂದು ಬಂದಿತ್ತು. ಪೆಟ್ಟಿಗೆಯಿಂದ ತಂತಿಸಹಿತ ಹೊರಬರುವ ಎರಡು ಕಿರುಹಿಡಿಗಳನ್ನು ಹಿಡಿದು ಇಬ್ಬರು ಎದುರುಬದುರಾಗಿ ಗುದ್ದಾಡಬಹುದಿತ್ತು. ಮುಂದೆ ಪಾರ್ಲರುಗಳಲ್ಲಿ 1991ರಿಂದ ಹೆಸರು ಮಾಡಿದ ಸ್ಟ್ರೀಟ್ ಫೈಟರ್ 2 ಆಟ 1995ರಲ್ಲಿ ಗೇಮ್ ಬಾಯ್‌ಗೂ ಬಂತು. ಪಾರ್ಲರಿನಲ್ಲಿ ಹೊಡೆತಕ್ಕೆ ಆರು ಗುಂಡಿಗಳು, ಗೇಮ್ ಬಾಯ್‌ನಲ್ಲಿ ಎರಡೇ. ಆದ್ದರಿಂದ ಗುಂಡಿಯನ್ನು ತಟ್ಟಿ ಬಿಟ್ಟರೆ ಹಗುರವಾದ ಏಟು, ಕೊಂಚ ಒತ್ತಿ ಹಿಡಿದರೆ ಬಲವಾದ ಏಟು ಎಂಬ ವ್ಯವಸ್ಥೆ ಮಾಡಲಾಗಿತ್ತು. ಕಲಿಯುವವರ ಮೊದಲ ಪಾಠ ಹೊಡೆಯುವುದಲ್ಲ, ತಡೆಯುವುದು. ಎದುರಾಳಿಯಿಂದ ದೂರದ ದಿಕ್ಕಿಗೆ ಗುಂಡಿಯನ್ನು ಒತ್ತಿಹಿಡಿದರೆ ಏಟಿಗೆ ತಡೆ ಸಿಗುತ್ತದೆ. ಕಾಲಿಗೆ ಬೀಳುವ ಕೆಳಮಟ್ಟದ ಏಟನ್ನು ತಡೆಯಲು ಹಿಂದಕ್ಕೂ ಕೆಳಕ್ಕೂ ಓರೆಯಾಗಿ ಒತ್ತಿ ಬಗ್ಗಬೇಕು. ಎರಡನೆಯದು ಅಂತರದ ಅಂದಾಜು. ಮೂರನೆಯದು ಕೆಳಗಿನಿಂದ ಓರೆಗೆ, ಓರೆಯಿಂದ ಮುಂದಕ್ಕೆ ಹೆಬ್ಬೆರಳನ್ನು ಉರುಳಿಸಿ ಕೂಡಲೇ ಗುದ್ದಿನ ಗುಂಡಿ ಒತ್ತುವುದು. ಹಾಗೆ ಮಾಡಿದಾಗ ನಾಯಕನ ಅಂಗೈಯಿಂದ ಬೆಂಕಿಯುಂಡೆ ಚಿಮ್ಮುತ್ತದೆ. ಬೆರಳೆತ್ತದೆ ಉರುಳಿಸುವ ಆ ಚಲನೆಯನ್ನು ಕೈ ಯಂತ್ರದಲ್ಲಿ ಸಾಧ್ಯವಾಗಿಸಿದ್ದು ಯೊಕೋಯಿಯವರ ಗುಂಡಿಯೇ.

ಬೂದು ಪೆಟ್ಟಿಗೆಯ ಜೈತ್ರಯಾತ್ರೆ

ಯೊಕೋಯಿ ತಮಗಿಂತ ಕಿರಿಯರನ್ನು ಬೆಳೆಸಿದವರೂ ಹೌದು. ಮಾರಿಯೊ ಪಾತ್ರದ ಸೃಷ್ಟಿಕರ್ತ ಷಿಗೆರು ಮಿಯಾಮೊಟೊ ಡಾಂಕಿ ಕಾಂಗ್ ರೂಪಿಸುತ್ತಿದ್ದಾಗ ಅವರ ಮೇಲ್ವಿಚಾರಣೆಗೆ ನೇಮಕವಾದವರು ಯೊಕೋಯಿ. ಅವರ ನೇತೃತ್ವದ ವಿಭಾಗದಿಂದ 1986ರಲ್ಲಿ ಮೆಟ್ರಾಯ್ಡ್ ಆಟ ಹೊರಬಂತು.

1989ರ ಏಪ್ರಿಲ್ 21ರಂದು ಜಪಾನಿನಲ್ಲಿ ಗೇಮ್ ಬಾಯ್ ಬಿಡುಗಡೆಯಾಯಿತು. ಸಹೋದ್ಯೋಗಿ ಸತೋರು ಒಕಾಡಾ ಮತ್ತು ತಂಡದೊಡನೆ ರೂಪಿಸಿದ ಈ ಯಂತ್ರದ ಬೆಲೆ 12,500 ಯೆನ್. ಪರದೆಗೆ ಬಣ್ಣವಿರಲಿಲ್ಲ, ಹಸಿರು ಛಾಯೆಯ ನಾಲ್ಕು ಮಟ್ಟಗಳಷ್ಟೇ ಕಾಣುತ್ತಿದ್ದವು. ಪರದೆಯ ಹಿಂದೆ ದೀಪವೂ ಇರಲಿಲ್ಲ. ಅದೇ ವರ್ಷ ಅಟಾರಿ ಕಂಪನಿಯ ಲಿಂಕ್ಸ್, ಮರುವರ್ಷ ಸೆಗಾ ಕಂಪನಿಯ ಗೇಮ್ ಗೇರ್ ಬಣ್ಣದ ಪರದೆಯೊಂದಿಗೆ ಬಂದವು. ಸ್ಪರ್ಧಿಯೊಬ್ಬರು ಹೊಸ ಯಂತ್ರ ತಂದಿದ್ದಾರೆಂದು ಸಿಬ್ಬಂದಿಯೊಬ್ಬರು ಆತಂಕದಿಂದ ಬಂದು ತಿಳಿಸಿದಾಗ ಯೊಕೋಯಿ ಕೇಳಿದ್ದು ಅದರ ಪರದೆ ಬಣ್ಣದ್ದೇ ಎಂಬುದನ್ನು ಮಾತ್ರ. ಹೌದೆಂಬ ಉತ್ತರ ಬಂದಾಗ ಅವರು ನಿಶ್ಚಿಂತರಾದರು.

ಅವರ ಲೆಕ್ಕಾಚಾರ ಸರಳವಾಗಿತ್ತು. ಬಣ್ಣದ ಪರದೆ ಮತ್ತು ದೀಪ ವಿದ್ಯುತ್ತನ್ನು ಹೀರುತ್ತವೆ. ಗೇಮ್ ಗೇರ್‌ಗೆ ಆರು ಪೆನ್ಸಿಲ್ ಸೆಲ್ ಹಾಕಿದರೂ ಮೂರರಿಂದ ಐದು ಗಂಟೆಯೊಳಗೆ ಮುಗಿಯುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು. ಬೆಲೆಯೂ ಕಡಿಮೆ, ಕೆಳಗೆ ಬಿದ್ದರೂ ಕೆಡದಷ್ಟು ಗಟ್ಟಿ. ಅಮೆರಿಕದಲ್ಲಿ ಯಂತ್ರದ ಜತೆಗೇ ದೊರೆತ ಟೆಟ್ರಿಸ್ ಆಟ ಮಕ್ಕಳನ್ನಷ್ಟೇ ಅಲ್ಲದೆ ದೊಡ್ಡವರನ್ನೂ ಸೆಳೆಯಿತು. ಎರಡು ಯಂತ್ರಗಳನ್ನು ತಂತಿಯಿಂದ ಬೆಸೆದು ಇಬ್ಬರು ಆಡುವ ಸೌಲಭ್ಯವೂ ಇತ್ತು. 1996ರ ಪೋಕೆಮಾನ್ ಆಟದಲ್ಲಿ ಜೀವಿಗಳ ವಿನಿಮಯಕ್ಕೆ ಆಧಾರವಾದದ್ದು ಅದೇ ತಂತಿ. ಬಣ್ಣದ ಆವೃತ್ತಿಯೂ ಸೇರಿ ಗೇಮ್ ಬಾಯ್ 11.8 ಕೋಟಿಗೂ ಹೆಚ್ಚು ಮಾರಾಟವಾಯಿತು.

ಕೆಂಪು ಪರದೆಯ ಸೋಲು

ಅದೇ ಸೂತ್ರ ಒಮ್ಮೆ ಕೈಕೊಟ್ಟಿತು. ಕಣ್ಣಿಗೆ ಆಳದ ಅನುಭವ ನೀಡುವ ಆಟದ ಯಂತ್ರವೊಂದನ್ನು ತರಬೇಕೆಂಬ ಹಂಬಲದಿಂದ ಯೊಕೋಯಿ ವರ್ಚುವಲ್ ಬಾಯ್ ರೂಪಿಸಿದರು. ಇಲ್ಲಿಯೂ ಅಗ್ಗದ ತಂತ್ರಜ್ಞಾನಕ್ಕೇ ಮೊರೆಹೋದರು. ಕೆಂಪು ಎಲ್‌ಇಡಿ ದೀಪಗಳು ಕಡಿಮೆ ಬೆಲೆಯವು, ಕಡಿಮೆ ವಿದ್ಯುತ್ ಬಳಸುವಂಥವು. ಹೀಗಾಗಿ ಇಡೀ ಆಟ ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಗೆರೆಗಳಲ್ಲಿ ಮೂಡುತ್ತಿತ್ತು. ಯಂತ್ರವನ್ನು ತಲೆಗೆ ಧರಿಸುವಂತಿರಲಿಲ್ಲ, ಜೇಬಿಗೆ ಹಾಕುವಂತೆಯೂ ಇರಲಿಲ್ಲ. ಮೇಜಿನ ಮೇಲೆ ನಿಲ್ಲಿಸಿ, ಬಗ್ಗಿ ಇಣುಕಬೇಕಿತ್ತು. ಕಣ್ಣುನೋವು, ತಲೆನೋವಿನ ದೂರುಗಳು ಬಂದವು. 1995ರ ಜುಲೈನಲ್ಲಿ ಬಿಡುಗಡೆಯಾದ ವರ್ಚುವಲ್ ಬಾಯ್ ಎಂಟು ಲಕ್ಷವನ್ನೂ ಮುಟ್ಟದೆ ಮರುವರ್ಷದ ಹೊತ್ತಿಗೆ ಮಾರುಕಟ್ಟೆಯಿಂದ ಮರೆಯಾಯಿತು.

ಗೇಮ್ ಬಾಯ್‌ನಲ್ಲಿ ಅಗ್ಗದ ಪರದೆಯಿಂದ ಆಟಗಾರನಿಗೆ ದೀರ್ಘಕಾಲದ ಆಟ, ಕಡಿಮೆ ಬೆಲೆ ದೊರೆತಿದ್ದವು. ವರ್ಚುವಲ್ ಬಾಯ್‌ನಲ್ಲಿ ಅಗ್ಗದ ದೀಪ ಆಟಗಾರನ ಕಣ್ಣಿಗೇ ಭಾರವಾಯಿತು. ಸೂತ್ರ ಒಂದೇ ಆದರೂ ಫಲ ಬೇರೆಯಾಗಿತ್ತು.

ಸೋಲಿನ ನಂತರ ಯೊಕೋಯಿ ಗೇಮ್ ಬಾಯ್‌ನ ತೆಳುವಾದ ಆವೃತ್ತಿ ಗೇಮ್ ಬಾಯ್ ಪಾಕೆಟ್ ಸಿದ್ಧಗೊಳಿಸಿದರು. ಅದು 1996ರ ಜುಲೈನಲ್ಲಿ ಹೊರಬಂತು. ಮುಂದಿನ ತಿಂಗಳೇ, 31 ವರ್ಷಗಳ ಸೇವೆಯ ಬಳಿಕ, ಅವರು ನಿಂಟೆಂಡೊ ತೊರೆದರು. ವರ್ಚುವಲ್ ಬಾಯ್ ಸೋಲಿಗೆ ತಲೆದಂಡವಿದು ಎಂಬ ಮಾತು ಎಲ್ಲೆಡೆ ಹಬ್ಬಿತು. ಆದರೆ ಸ್ವಂತ ಸಂಸ್ಥೆ ಕಟ್ಟುವ ಇರಾದೆ ತಮಗೆ ಮೊದಲಿನಿಂದಲೂ ಇತ್ತೆಂದು ಯೊಕೋಯಿ ಸ್ಪಷ್ಟಪಡಿಸಿದ್ದರು.

ಅರ್ಧಕ್ಕೆ ನಿಂತ ಪಯಣ

ಕ್ಯೋಟೋದಲ್ಲಿಯೇ ಅವರು ಕೋಟೊ ಎಂಬ ಪುಟ್ಟ ಸಂಸ್ಥೆ ಆರಂಭಿಸಿದರು. ಬಂಡಾಯ್ ಕಂಪನಿಗಾಗಿ ಹೊಸದೊಂದು ಕೈ ಯಂತ್ರದ ವಿನ್ಯಾಸ ಕೈಗೆತ್ತಿಕೊಂಡರು. ತಾವೇ ಕಟ್ಟಿದ ಗೇಮ್ ಬಾಯ್‌ಗೆ ತಾವೇ ಪ್ರತಿಸ್ಪರ್ಧಿಯನ್ನು ನಿಲ್ಲಿಸುವ ಕೆಲಸ ಅದಾಗಿತ್ತು.

ಅದರ ಫಲ ಕಾಣುವ ಭಾಗ್ಯ ಅವರಿಗಿರಲಿಲ್ಲ. 1997ರ ಅಕ್ಟೋಬರ್ 4ರಂದು ಇಶಿಕಾವಾ ಪ್ರಾಂತ್ಯದ ಹೊಕುರಿಕು ಹೆದ್ದಾರಿಯಲ್ಲಿ ಅವರು ಪ್ರಯಾಣಿಸುತ್ತಿದ್ದ ಕಾರು ಮುಂದಿನ ಲಾರಿಗೆ ತಾಗಿತು. ಹಾನಿ ಎಷ್ಟೆಂದು ನೋಡಲು ಕೆಳಗಿಳಿದ ಅವರಿಗೆ ಹಿಂದಿನಿಂದ ಬಂದ ಇನ್ನೊಂದು ಕಾರು ಡಿಕ್ಕಿ ಹೊಡೆಯಿತು. ಆಗ ಅವರಿಗೆ 56 ವರ್ಷ.

ಆ ಯಂತ್ರ ವಂಡರ್‌ಸ್ವಾನ್ ಎಂಬ ಹೆಸರಿನಲ್ಲಿ 1999ರ ಮಾರ್ಚ್‌ನಲ್ಲಿ ಹೊರಬಂತು. ಬೆಲೆ 4,800 ಯೆನ್, ಪರದೆ ಕಪ್ಪು ಬಿಳುಪು, ಒಂದೇ ಪೆನ್ಸಿಲ್ ಸೆಲ್ಲಿನಲ್ಲಿ 30 ಗಂಟೆಯಷ್ಟು ಆಡಬಹುದಿತ್ತು. ಸೋಲಿನ ನಂತರವೂ ಯೊಕೋಯಿ ತಮ್ಮ ಸೂತ್ರವನ್ನು ಬಿಟ್ಟುಕೊಟ್ಟಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಯಂತ್ರದ ಜತೆ ಬಂದ ಒಗಟಿನ ಆಟವೊಂದಕ್ಕೆ ಅವರ ಗೌರವಾರ್ಥ ಗುನ್‌ಪೇ ಎಂದೇ ಹೆಸರಿಡಲಾಯಿತು. 2003ರಲ್ಲಿ ಅಂತರರಾಷ್ಟ್ರೀಯ ಗೇಮ್ ಡೆವಲಪರ್ಸ್ ಸಂಘ ಮರಣೋತ್ತರವಾಗಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ನೀಡಿತು.

ಹೊಸದೆಲ್ಲವೂ ಹಳೆಯದಕ್ಕಿಂತ ಮೇಲೆಂಬ ನಂಬಿಕೆಯ ಮೇಲೆ ನಿಂತ ಉದ್ಯಮದಲ್ಲಿ, ಹಳೆಯ ಕ್ಯಾಲ್ಕ್ಯುಲೇಟರಿನ ಪರದೆಯಿಂದ ಹೊಸ ಪ್ರಪಂಚವನ್ನೇ ತೆರೆದವರು ಯೊಕೋಯಿ. ಇಸ್ಪೀಟೆಲೆ ಕಾರ್ಖಾನೆಯಲ್ಲಿ ಬೇಸರ ಕಳೆಯಲು ಮಾಡಿದ ಆಟಿಕೆಯಿಂದ ಅವರ ಪಯಣ ಆರಂಭವಾಗಿತ್ತು. ರೈಲಿನಲ್ಲಿ ಬೇಸರಗೊಂಡು ಕುಳಿತ ಅಪರಿಚಿತನೊಬ್ಬ ಅದಕ್ಕೆ ದಿಕ್ಕು ತೋರಿದ. ಇಂದಿಗೂ ಗೇಮ್ ಯಂತ್ರ ಹಿಡಿದ ಮಗುವಿನ ಹೆಬ್ಬೆರಳು ಆ ಪುಟ್ಟ ಗುಂಡಿಯ ಮೇಲೆಯೇ ತನ್ನ ಮೊದಲ ಹೆಜ್ಜೆ ಇಡುತ್ತಿದೆ.