ಕಂಠದಿಂದ ಕಂಠಕ್ಕೆ: ಗಾನಯೋಗಿ ಪಂಚಾಕ್ಷರ ಗವಾಯಿಗಳು

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಪರಮಪೂಜ್ಯ ಪಂಚಾಕ್ಷರ ಗವಾಯಿಗಳು 1892ರ ಫೆಬ್ರುವರಿ 2ರಂದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಬಾಲ್ಯದ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ, ಸಹೋದರ ಗುರುಬಸಯ್ಯನವರೂ ಅಂಧರೇ. ಬಡ ಮನೆಯಲ್ಲಿ ಇಂತಹ ಇಬ್ಬರು ಮಕ್ಕಳ ಮುಂದಿನ ಬಾಳು ಏನೆಂಬ ಚಿಂತೆ ಹೆತ್ತವರನ್ನು ಎಷ್ಟು ಕಾಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಆ ಮಕ್ಕಳ ಕಂಠದ ಮಾಧುರ್ಯವನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳು. 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿ ವಟುಗಳಿಗೆ ವಿದ್ಯೆಯ ದಾರಿ ತೆರೆದ ಆ ಮಹಾತ್ಮರು, ಈ ಇಬ್ಬರಿಗೂ ಸಂಗೀತ ಶಿಕ್ಷಣದ ಏರ್ಪಾಡು ಮಾಡಿದರು. ಗುರುಬಸಯ್ಯನವರು ಅಲ್ಪಾಯುಷಿಗಳಾದರು. ಒಂಟಿಯಾಗಿ ಉಳಿದ ಗದಿಗೆಯ್ಯನವರು ನಮ್ಮ ಮೈಸೂರಿಗೆ ಬಂದು ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಅನಂತರ ನೀಲಕಂಠ ಬುವಾ ಮಿರಜಕರ ಅವರಲ್ಲಿ ಹಿಂದುಸ್ತಾನಿ ಗಾಯನವನ್ನು ಸಾಧಿಸಿದರು. ಎರಡೂ ಪದ್ಧತಿಗಳಲ್ಲಿ ಪ್ರೌಢಿಮೆ ಪಡೆದುದರಿಂದಲೇ ಅವರು ಉಭಯಗಾನ ವಿಶಾರದರೆನಿಸಿದರು. ಬರೆದುಕೊಳ್ಳುವ ಅನುಕೂಲವಿಲ್ಲದವರು ಕಲಿತದ್ದೆಲ್ಲವೂ ಕಿವಿಯಿಂದ; ಕಾಪಿಟ್ಟದ್ದೆಲ್ಲವೂ ನೆನಪಿನಲ್ಲಿ.

ತಾಳೆಗರಿಯ ಕಟ್ಟನ್ನು ಮಠದ ಭಂಡಾರದಲ್ಲಿಟ್ಟು ಕಾಯಬಹುದು. ರಾಗದ ನಡೆಯನ್ನು, ವಚನವನ್ನು ಹಾಡುವಾಗ ಉಸಿರು ನಿಲ್ಲಿಸುವ ಬಗೆಯನ್ನು ಹಾಗೆ ಕಾಯಲಾಗದು. ಮಿರ್ಲೆ, ಸಾಲಿಗ್ರಾಮದ ಕಡೆಯಲ್ಲಿ ಕಂಸಾಳೆಯವರ ಹಾಡು ಕೇಳಿ ಬೆಳೆದ ಭಕ್ತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ: ಹಾಡುವವನು ಶಿಷ್ಯನನ್ನು ಬಿಟ್ಟುಹೋಗದಿದ್ದರೆ ಹಾಡೂ ಅವನೊಡನೆ ಹೋಗುತ್ತದೆ. ಹಾಗಾದರೆ ಗವಾಯಿಗಳು ತಮ್ಮ ವಿದ್ಯೆಯನ್ನು ಯಾರಿಗೆ ಒಪ್ಪಿಸಿದರು? ಅಂಧರಿಗೆ, ಅನಾಥರಿಗೆ, ಊಟಕ್ಕೂ ಗತಿಯಿಲ್ಲದ ಬಡ ಮಕ್ಕಳಿಗೆ. ಸಿರಿವಂತರ ಆಶ್ರಯವನ್ನು ಅರಸಿ ಸುಖವಾಗಿರಬಹುದಾಗಿದ್ದ ವಿದ್ವಾಂಸರು ಬ್ರಹ್ಮಚರ್ಯದಲ್ಲಿದ್ದು, ಜಾತಿಮತಗಳನ್ನೆಣಿಸದೆ ಇಂತಹ ಮಕ್ಕಳನ್ನು ಸೇರಿಸಿಕೊಂಡರು. ಅವರ ಜೀವನದ ಅತಿ ದೊಡ್ಡ ನಿರ್ಧಾರ ಇದೇ ಎಂದು ನಮಗೆ ತೋರುತ್ತದೆ.

ಆ ನಿರ್ಧಾರದ ಭಾರವೂ ಸಣ್ಣದಲ್ಲ. ಬಹುಕಾಲ ಪಾಠಶಾಲೆಗೆ ನೆಲೆಯೇ ಇರಲಿಲ್ಲ. ಗುರುಶಿಷ್ಯರ ತಂಡ ಊರಿಂದೂರಿಗೆ ಸಂಚರಿಸುತ್ತ, ಕೀರ್ತನೆ ಕಚೇರಿಗಳನ್ನು ನಡೆಸುತ್ತ, ಭಕ್ತರು ನೀಡಿದ್ದರಲ್ಲಿ ಪ್ರಸಾದ ಮಾಡಿಕೊಂಡು ಸಾಗುತ್ತಿತ್ತು. ದಾರಿಯೇ ಶಾಲೆ, ತಂಗಿದ ಮಠವೇ ಪಾಠದ ಕೋಣೆ. ಮಕ್ಕಳ ಅನ್ನಕ್ಕಾಗಿ ನಾಟಕ ಮಂಡಳಿಯನ್ನೂ ಕಟ್ಟಿದರು. 1930ರಲ್ಲಿ ಕುಮಾರ ಶಿವಯೋಗಿಗಳು ಲಿಂಗೈಕ್ಯರಾದಾಗ ದೊಡ್ಡ ಆಸರೆಯೊಂದು ತಪ್ಪಿತು. ಪಾಠ ಮಾತ್ರ ತಪ್ಪಲಿಲ್ಲ. ಕೊನೆಗೆ ಗದುಗಿನ ದಾನಿ ಬಸರಿಗಿಡದ ವೀರಪ್ಪನವರ ನೆರವಿನಿಂದ ಆಶ್ರಮಕ್ಕೆ ಒಂದು ನೆಲೆ ದೊರೆಯಿತು.

ಗವಾಯಿಗಳ ಬಳಿ ಕಲಿತವರಲ್ಲಿ ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡರಂತಹವರ ಹೆಸರುಗಳು ನಾಡಿಗೆಲ್ಲ ಪರಿಚಿತ. ವಚನಗಳು ಹಿಂದುಸ್ತಾನಿ ರಾಗಗಳಲ್ಲಿ ಸಭೆಯಿಂದ ಸಭೆಗೆ ಹರಡುವುದರಲ್ಲಿ ಈ ಶಿಷ್ಯಪರಂಪರೆಯ ಪಾಲು ದೊಡ್ಡದು. ಇನ್ನು ಹೆಸರು ತಿಳಿಯದ ಎಷ್ಟೋ ಅಂಧ ಶಿಷ್ಯರು ಸಣ್ಣ ಊರುಗಳಲ್ಲಿ ಸಂಗೀತ ಶಿಕ್ಷಕರಾಗಿ, ಪುರಾಣ ಪ್ರವಚನಗಳಿಗೆ ಹಾಡುವವರಾಗಿ, ತಬಲಾ ಸಾಥಿಗಳಾಗಿ ಸ್ವಂತ ದುಡಿಮೆಯಿಂದ ಗೌರವದ ಬಾಳು ಬಾಳಿದರು.

1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಅವರಿಗೆ ಆಗ 52 ವರ್ಷ. ಆಶ್ರಮದ ಹೊಣೆ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಎಳೆಯ ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಆ ಶಿಷ್ಯರು 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ, 66 ವರ್ಷಗಳ ಕಾಲ, ಗುರುಗಳು ಕಲಿಸಿದ ರೀತಿಯಲ್ಲಿಯೇ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದರು.