ಅಂಗಳಕ್ಕೆ ಶಾಲೆ ತಂದ ತಾರಾಬಾಯಿ ಮೋಡಕ್

ನಮ್ಮೂರಿನಲ್ಲಿ ಅಂಗನವಾಡಿ ಗೊತ್ತಿಲ್ಲದ ಮನೆಯಿಲ್ಲ. ಆದರೆ ಆ ಹೆಸರಿನ ಹಿಂದೆ ಒಬ್ಬ ಹೆಣ್ಣುಮಗಳ ದುಡಿಮೆ ಇದೆ ಎಂಬುದು ನಮ್ಮ ಕಡೆ ಹೆಚ್ಚು ಜನಕ್ಕೆ ತಿಳಿಯದು. ಮಹಾರಾಷ್ಟ್ರ, ಗುಜರಾತುಗಳಲ್ಲಿ ಅವರ ಹೆಸರು ಮನೆಮಾತು. ಅವರೇ ತಾರಾಬಾಯಿ ಮೋಡಕ್.

ತಾರಾಬಾಯಿಯವರು ಹುಟ್ಟಿದ್ದು 1892ರ ಏಪ್ರಿಲ್ 19ರಂದು, ಮುಂಬಯಿಯಲ್ಲಿ. ತಂದೆ ಸದಾಶಿವ ಪಾಂಡುರಂಗ ಕೇಳ್ಕರ್ ಪ್ರಾರ್ಥನಾ ಸಮಾಜದ ಸುಧಾರಕರು. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ, 1914ರಲ್ಲಿ, ತಾರಾಬಾಯಿ ಬಿ.ಎ. ಮುಗಿಸಿದರು. ಅಮರಾವತಿಯ ವಕೀಲರೊಬ್ಬರೊಡನೆ ಮದುವೆಯಾಯಿತು; ಆ ಸಂಸಾರ ನಿಲ್ಲಲಿಲ್ಲ. ಚಿಕ್ಕ ಮಗಳನ್ನು ಕರೆದುಕೊಂಡು ರಾಜಕೋಟೆಗೆ ಹೋಗಿ ಅಲ್ಲಿನ ಮಹಿಳಾ ಟ್ರೈನಿಂಗ್ ಕಾಲೇಜಿನ ಪ್ರಿನ್ಸಿಪಾಲರಾದರು. ಒಳ್ಳೆಯ ಸಂಬಳದ, ಗೌರವದ ಹುದ್ದೆ. 1923ರಲ್ಲಿ ಅದನ್ನೂ ಬಿಟ್ಟು ಭಾವನಗರ ಸೇರಿದರು.

ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಇದ್ದರು. ವಕೀಲಿ ಬಿಟ್ಟು, 1920ರಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರ ತೆರೆದವರು. ಹೊಡೆಯದೆ, ಹೆದರಿಸದೆ, ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ ಕಲಿಸಬಹುದೆಂದು ತೋರಿಸಿಕೊಟ್ಟರು. ಅವರಿಗೆ ದಾರಿ ತೋರಿದ್ದು ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿಯವರ ಬರಹ. ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಮೊದಲ ಶಿಶುಮನೆ ತೆರೆದಿದ್ದರು. ಇಂದು ಬೆಂಗಳೂರಿನಲ್ಲಿ ಮಾಂಟೆಸ್ಸರಿ ಎಂಬ ಬೋರ್ಡು ಕಂಡಲ್ಲಿ ವರ್ಷದ ಫೀಸು ಲಕ್ಷ ಮುಟ್ಟುವುದೂ ಉಂಟು. ಅದು ಕೂಲಿಯವರ ಮಕ್ಕಳಿಗಾಗಿ ಹುಟ್ಟಿದ್ದು ಎಂದರೆ ನನ್ನ ಸಹೋದ್ಯೋಗಿಗಳು ನಂಬುವುದಿಲ್ಲ.

1926ರಲ್ಲಿ ಗಿಜುಭಾಯಿ ಮತ್ತು ತಾರಾಬಾಯಿ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಪತ್ರಿಕೆ ನಡೆಸಿದರು, ಶಿಕ್ಷಕಿಯರನ್ನು ತಯಾರು ಮಾಡಿದರು. ಮುಂದೆ ತಾರಾಬಾಯಿ ಮುಂಬಯಿಯ ದಾದರಿನಲ್ಲಿ ಶಿಶುವಿಹಾರ ನಡೆಸಿದರು. ಅಷ್ಟಕ್ಕೇ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಅಲ್ಲಿಗೆ ಬರುತ್ತಿದ್ದವರು ಪಟ್ಟಣದ ಅನುಕೂಲಸ್ಥರ ಮಕ್ಕಳು. ಹಳ್ಳಿಯ ಮಗುವಿನ ಗತಿಯೇನು ಎಂಬುದು ಅವರನ್ನು ಬಿಡಲಿಲ್ಲ. 1945ರಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ, ಅವರು ಸಮುದ್ರ ತೀರದ ಬೋರ್ಡಿ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಜೊತೆಗೆ ಬಂದವರು ಅನುತಾಯಿ ವಾಘ್, ಬಾಲ್ಯದಲ್ಲೇ ವಿಧವೆಯಾಗಿ, ಛಲದಿಂದ ಓದಿ ಶಿಕ್ಷಕಿಯಾದವರು.

ಬೋರ್ಡಿಯಲ್ಲಿ ಬಾಲವಾಡಿ ಶುರುವಾಯಿತು. ಯಾರಿಗಾಗಿ ಬಂದರೋ ಆ ಮಕ್ಕಳೇ ಬರಲಿಲ್ಲ. ಕೂಲಿಯವರ, ಹರಿಜನರ ಕೇರಿಯಿಂದ ಊರೊಳಗಿನ ಶಾಲೆಗೆ ಮಗುವನ್ನು ಕಳಿಸುವವರು ಯಾರು? ತಾಯಿ ಬೆಳಗಾಗುವ ಮುಂಚೆ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ನಮ್ಮ ಕಡೆ ನಾಟಿಯ ಕಾಲದಲ್ಲಿ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಗು ಮಲಗಿಸುತ್ತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗು ಬಾರದಿದ್ದರೆ ನಾವೇ ಹೋಗೋಣವೆಂದು ತಾರಾಬಾಯಿ ಕೇರಿಗೇ ನಡೆದರು. ಯಾರದೋ ಮನೆಯ ಅಂಗಳ ಗುಡಿಸಿ, ಮಕ್ಕಳ ಮೈ ತೊಳೆದು, ತಲೆ ಬಾಚಿ, ಹಾಡಿಸಿ, ಆಡಿಸಿದರು. ಮಾಂಟೆಸ್ಸರಿಯವರ ಮರದ ಸಾಮಾನು ದುಬಾರಿ. ಅದರ ಬದಲು ಬೀಜ, ಎಲೆ, ಕಪ್ಪೆಚಿಪ್ಪು, ಬೆಣಚುಕಲ್ಲು. ಅಂಗಳದಲ್ಲಿ ನಡೆದ ವಾಡಿ ಅಂಗನವಾಡಿಯಾಯಿತು. ಮೇಲುಜಾತಿಯಲ್ಲಿ ಹುಟ್ಟಿದ, ಬಿ.ಎ. ಓದಿದ ಹೆಂಗಸು ಹರಿಜನ ಮಕ್ಕಳ ಮೈ ತೊಳೆಯುವುದು ಆ ದಿನಗಳಲ್ಲಿ ಸಣ್ಣ ಮಾತಲ್ಲ.

1957ರಲ್ಲಿ ಅವರ ಕೆಲಸ ಕೋಸಬಾಡದ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿ ದೊಡ್ಡ ಹುಡುಗರು ದನ ಕಾಯುತ್ತಿದ್ದರು. ಶಿಕ್ಷಕರೇ ಹುಲ್ಲುಗಾವಲಿಗೆ ಹೋಗಿ ಪಾಠ ಹೇಳಿದರು. ಹುಡುಗಿಯರದು ಬೇರೆ ಕಷ್ಟ. ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ ಸದಾ ಒಂದು ತಮ್ಮನೋ ತಂಗಿಯೋ. ಕೂಸನ್ನು ಇಳಿಸದೆ ಅವಳು ಸ್ಲೇಟು ಹಿಡಿಯುವುದೆಂತು? ಇದಕ್ಕೆ ತಾರಾಬಾಯಿ ಕಂಡುಕೊಂಡ ಉಪಾಯ ವಿಕಾಸವಾಡಿ: ಕೂಸುಗಳ ಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ, ಮೂರೂ ಒಂದೇ ಆವರಣದಲ್ಲಿ. ಅಕ್ಕ ಬರುವಾಗ ಕೂಸನ್ನೂ ಎತ್ತಿಕೊಂಡು ಬರುತ್ತಾಳೆ, ಅದನ್ನು ಒಪ್ಪಿಸಿ ತರಗತಿಗೆ ಹೋಗುತ್ತಾಳೆ. ಅವರ ಎಲ್ಲ ಕೆಲಸಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ತಮ್ಮಂದಿರನ್ನು ನೋಡಿಕೊಳ್ಳಲು ಓದು ಬಿಟ್ಟ ಅಕ್ಕಂದಿರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ನಾವು ಕೆಲವರು ಹೈಸ್ಕೂಲು ಮೆಟ್ಟಿಲು ಹತ್ತಿದ್ದು ಅವರ ಋಣದಿಂದ.

1962ರಲ್ಲಿ ಪದ್ಮಭೂಷಣ ಬಂತು. 1973ರ ಆಗಸ್ಟ್ 31ರಂದು ತಾರಾಬಾಯಿ ತೀರಿಕೊಂಡರು. ಕೋಸಬಾಡದ ಕೆಲಸವನ್ನು ಅನುತಾಯಿ ಮುಂದುವರಿಸಿದರು.

ಅವರು ಹೋದ ಎರಡು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರ ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಯೋಗಕ್ಕೆ ತಂದಿತು. ಅದರ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಕರ್ನಾಟಕದಲ್ಲಿ ಮೊದಲು ಆರಿಸಿದ್ದು ನಮ್ಮ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕನ್ನು; ತೆರೆದದ್ದು 100 ಅಂಗನವಾಡಿ. ಅಂದು ಅಲ್ಲಿ ಚಾಪೆಯ ಮೇಲೆ ಕುಳಿತ ಮೂರು ವರ್ಷದ ಮಕ್ಕಳಿಗೆ ಈಗ ಐವತ್ತು ದಾಟಿದೆ. ಅವರಲ್ಲಿ ಹೊಳೆ ದಾಟಿ ನಮ್ಮೂರಿಗೆ ಸೊಸೆಯರಾಗಿ ಬಂದವರೂ ಇರಬಹುದು.